ಹೆಸರು ಹೇಳಿದರೆ ಮಗು

ಶಿವಯ್ಯನನ್ನು ಕೆಟ್ಟವನೆಂದು ಯಾರೂ ಹೇಳಿದ್ದಿಲ್ಲ. ಒಳ್ಳೆಯವನೆಂದು ಹೇಳಲು ಹೊರಟವರಿಗೂ ಮಾತು ಮುಗಿಸಲು ಪುರುಸೊತ್ತು ಸಿಕ್ಕಿದ್ದಿಲ್ಲ, ಅಷ್ಟರಲ್ಲಿ ಅವನು ಇನ್ನೊಂದು ಉಪಕಾರ ಮಾಡಲು ಎದ್ದು ನಿಂತಿರುತ್ತಿದ್ದ. ಹಲಗೂರಿನ ಆಚೆ, ದೊಡ್ಡ ರಸ್ತೆ ಬಿಟ್ಟು ಒಳಗಿರುವ ಹಳ್ಳಿಯ ಹಾಲಿನ ಡೇರಿಗೆ ಅವನು ಸೆಕ್ರೆಟರಿ. ಡೇರಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಕ್ಯಾನು ತಂದವರು ತಮ್ಮ ನಂಬರನ್ನು ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ಸ್ವಂತ ಚಿಕ್ಕಪ್ಪ ತಂದ ಹಾಲೂ ಅಳತೆಗೆ ಬೀಳುವುದಿಲ್ಲ. ಈ ಪದ್ಧತಿಯೊಂದನ್ನು ಎಲ್ಲ ಕಡೆ ತಂದುಬಿಟ್ಟರೆ ದೇಶದ ಅರ್ಧ ತೊಂದರೆ ತೀರುತ್ತದೆಂದು ಶಿವಯ್ಯ ನಂಬಿದ್ದ, ಮತ್ತು ಹಾಲು ಹಾಕಲು ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದ.

ಅದಕ್ಕೆ ತಕ್ಕ ಸಂದರ್ಭವೂ ಕೂಡಿ ಬಂತು. ಮಳವಳ್ಳಿಯ ಶಾಲೆಯೊಂದರ ಹಳದಿ ಬಸ್ಸು ಸಂಜೆ ಹೊತ್ತು ದಾರಿಯುದ್ದಕ್ಕೂ ಮಕ್ಕಳನ್ನು ಇಳಿಸುತ್ತಾ ಹಲಗೂರು ದಾಟಿ ಶಿವಯ್ಯನ ಹಳ್ಳಿಯವರೆಗೆ ಬರುತ್ತಿತ್ತು. ಒಂದು ದಿನ ಹಲಗೂರಿನ ಸೋಮಮ್ಮ ಮೊಮ್ಮಗ ತೇಜುವನ್ನು ಕರೆದುಕೊಳ್ಳಲು ಬಂದು ನೋಡಿದರೆ ಬಸ್ಸು ಹೋಗಿತ್ತು, ಮಗುವೂ ಇರಲಿಲ್ಲ. ಕಟ್ಟೆಯ ನೀರಿಗೆ ಇಳಿದು ಹುಡುಕಿದರು, ಪೊಲೀಸರಿಗೆ ಫೋನು ಹೋಯಿತು, ಸೋಮಮ್ಮ ನಡುರಸ್ತೆಯಲ್ಲಿ ಕೂತು ಎದೆ ಬಡಿದುಕೊಂಡಳು. ಕೊನೆಗೆ ತೇಜು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕಿದ. ಬೆಸಗರಹಳ್ಳಿಯಿಂದ ಬಂದಿದ್ದ ಸೋದರಮಾವ, ಬಸ್ಸು ಕಂಡು, ಅಳಿಯನನ್ನು ಇಳಿಸಿಕೊಂಡು, ಬೋಂಡ ತಿನ್ನಿಸುತ್ತಾ ಕೂತಿದ್ದ. ಮನೆಗೆ ಹೇಳಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ. ಮಗುವನ್ನು ಕೊಟ್ಟ ಬಸ್ಸಿನ ಆಯಾ ಯಶೋದಮ್ಮನನ್ನು ಎಲ್ಲರೂ ಸರದಿಯ ಮೇಲೆ ಬೈದರು. ಇನ್ನೊಂದು ಸಲ ಹೀಗಾದರೆ ಕೆಲಸ ಬಿಟ್ಟು ಮನೆಗೆ ಹೋಗಬಹುದೆಂದು ಶಾಲೆಯವರು ತಿಳಿಸಿದರು.

ಮುಂದಿನ ಭಾನುವಾರ ಶಾಲೆಯಲ್ಲಿ ಪೋಷಕರ ಸಭೆ ಕರೆದರು. ಶಿವಯ್ಯನ ಮಗನೂ ಅದೇ ಶಾಲೆಯಲ್ಲಿದ್ದ. ಹೆಂಡತಿಗೆ ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಆ ದಿನವೂ ಡ್ಯೂಟಿ ಇದ್ದುದರಿಂದ ಇವನೇ ಹೋದ. ಹೆಡ್ ಮಿಸ್ಸು ಏನು ಮಾಡಬೇಕೆಂದು ಕೇಳಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಶಿವಯ್ಯ ಎದ್ದು ನಿಂತಿದ್ದ.

"ಆಲ್ ಅಳೆಯಕ್ಕೇ ನಂಬ್ರು ಕೇಳ್ತೀವಿ ಮಿಸ್. ಮಕ್ಳು ಅಂದ್ರೆ ಆಲ್ಗಿಂತ ಕಡ್ಮೆಯಾ?"

ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಎಂಬುದು ಶಿವಯ್ಯನ ಬಾಳಿನಲ್ಲಿ ಹೊಸತು. ಹಾಗಾಗಿ ಅವನು ಕೂರದೆ ಮುಂದುವರಿಸಿದ. ನಂಬರಾದರೆ ಕಳ್ಳನೂ ಕದ್ದು ಕೇಳಿಸಿಕೊಂಡಾನು, ಆದ್ದರಿಂದ ಮಕ್ಕಳ ವಿಷಯದಲ್ಲಿ ನಂಬರು ಸಾಲದು, ಹೆಸರೇ ಬೇಕು ಎಂದ. ಮಗುವಿನ ಹೆಸರು ಒಂದು, ಮಗುವಿನ ಅಪ್ಪನ ಹೆಸರು ಒಂದು. ಎರಡನ್ನೂ ಕರೆದುಕೊಂಡು ಹೋಗುವವರೇ ಬಾಯಿ ಬಿಟ್ಟು ಹೇಳಬೇಕು. ಒಂದು ಮಗುವಿಗೆ ಒಂದೇ ಕೈ, ಅಂದರೆ ಶಾಲೆಯಲ್ಲಿ ಬರೆಸಿದ ಒಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಮಗು ಇಲ್ಲ. ಹೆಸರು ಹೇಳದಿದ್ದರೆ ಮಗು ಮಳವಳ್ಳಿಗೆ ವಾಪಸ್, ಮನೆಯವರು ಶಾಲೆಗೇ ಬಂದು ಬಿಡಿಸಿಕೊಳ್ಳಲಿ. ಇದು ಸಭೆಗೆ ಬಹಳ ಹಿಡಿಸಿತು. ಅಲ್ಲೇ ಬಸ್ ಸುರಕ್ಷತಾ ಸಮಿತಿ ಹುಟ್ಟಿ, ಶಿವಯ್ಯ ಅದರ ಅಧ್ಯಕ್ಷನಾದ.

ಅಷ್ಟು ಜನರಲ್ಲಿ ಒಬ್ಬರೂ ಯಾಕೆ ಕೆಮ್ಮಲಿಲ್ಲವೆಂದು ಓದುಗರು ಕೇಳಬಹುದು. ಕಾರಣ ಸರಳ. ಭಾನುವಾರದ ಸಭೆಗೆ ಬಂದವರೆಲ್ಲ ಅಪ್ಪಂದಿರು. ದಿನಾ ಸಂಜೆ ಬಸ್ಸಿಗೆ ಕಾಯುವವರೆಲ್ಲ ಅಮ್ಮಂದಿರು, ಅಜ್ಜಿಯರು. ಹೆಡ್ ಮಿಸ್ಸು ಮೈಸೂರಿನ ಕಡೆಯವರು, ಗಂಡನನ್ನು ಹೆಸರು ಹಿಡಿದೇ ಕರೆಯುವವರು. ಅವರಿಗೂ ಇದರಲ್ಲಿ ತೊಡಕು ಕಾಣಲಿಲ್ಲ.

ಸೋಮವಾರ ಸಂಜೆ ಡೇರಿಯನ್ನು ಹಾಲು ಪರೀಕ್ಷಿಸುವ ಟೆಸ್ಟರಿಗೆ ಒಪ್ಪಿಸಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಅಧ್ಯಕ್ಷರು ಮಳವಳ್ಳಿಯಲ್ಲಿ ಬಸ್ಸಿನ ಮುಂದಿನ ಸೀಟು ಹಿಡಿದರು. ಕಿಟಕಿಯಿಂದ ಹೊರಗೆ ಕೈ ಹಾಕಿದವರ ಕೈ ಒಳಗೆ ಹಾಕಿಸಿದರು, ಬಾಗಿಲ ಮೆಟ್ಟಿಲ ಮೇಲೆ ನಿಂತವರನ್ನು ಒಳಕ್ಕೆ ಕಳಿಸಿದರು, ಎಲ್ಲರೂ ಕೂತ ಮೇಲೆ ಸೀಟಿ ಊದಿದರು. ಇಷ್ಟನ್ನೂ ಚೆನ್ನಾಗಿಯೇ ಮಾಡಿದರೆಂದು ಒಪ್ಪಬೇಕು. ಡ್ರೈವರ್ ಚಿಕ್ಕಮಾದು ಮಾತ್ರ ಸೀಟಿಗೆ ಮುಂಚೆಯೇ ಗಾಡಿ ಬಿಟ್ಟ. ಅವನು ವರ್ಷಗಟ್ಟಲೆಯಿಂದ ಕನ್ನಡಿಯಲ್ಲಿ ಮಕ್ಕಳನ್ನು ನೋಡಿಕೊಂಡೇ ಗಾಡಿ ಬಿಡುತ್ತಿದ್ದವನು, ಸೀಟಿಯನ್ನು ಕೇಳಿ ಅಲ್ಲ. ಹಿಂದಿನ ಸೀಟಿನಲ್ಲಿ ಶಿವಯ್ಯನ ಮಗ, ಒಂದನೇ ಕ್ಲಾಸಿನ ಚಲುವರಾಜು, ನಮ್ಮಪ್ಪನೇ ಬಸ್ಸಿಗೆ ಓನರ್ರು ಎಂದು ಪಕ್ಕದವರಿಗೆ ಹೇಳುತ್ತಿದ್ದ. ಶಿವಯ್ಯ ಅದನ್ನು ಕೇಳಿಸಿಕೊಂಡೂ ತಿದ್ದಲಿಲ್ಲ.

ಮೊದಲ ಸ್ಟಾಪಿನಲ್ಲಿ ದೀಪಿಕ ನಿಂತಿದ್ದಳು. ಬಿ.ಕಾಂ. ಓದಿದ ಹುಡುಗಿ, ಮಗಳು ಗಗನ ಯುಕೆಜಿ. ಯಶೋದಮ್ಮ ಬಾಗಿಲಿಗೆ ಅಡ್ಡ ನಿಂತು ಮಗುವಿನ ಹೆಸರು ಕೇಳಿದಳು. ದೀಪಿಕ ನಗುತ್ತಾ ಹೇಳಿದಳು. ಆಮೇಲೆ ಯಶೋದಮ್ಮ ಅಪ್ಪನ ಹೆಸರು ಕೇಳಿದಳು. ದೀಪಿಕಳ ನಗು ಅಲ್ಲಿಗೇ ನಿಂತುಹೋಯಿತು.

ಗಂಡನನ್ನು ಅವಳು ಫೋನಿನಲ್ಲಿ ದಿನಕ್ಕೆ ಹತ್ತು ಸಲ ಹೆಸರು ಹಿಡಿದು, ಅದನ್ನೂ ಅರ್ಧಕ್ಕೆ ತುಂಡು ಮಾಡಿ ಕರೆಯುತ್ತಿದ್ದಳು. ಆದರೆ ಅದು ಕೋಣೆಯೊಳಗಿನ ಮಾತು. ಇಲ್ಲಿ ಸ್ಟಾಪಿನ ಕಲ್ಲಿನ ಮೇಲೆ ಮಾವ ದೊಡ್ಡಸಿದ್ದಯ್ಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆತ ಎದ್ದು ಹೋಗಬಹುದಿತ್ತು. ಬದಲಿಗೆ ಸುತ್ತಲಿದ್ದವರಿಗೆಲ್ಲ ಕೇಳುವಂತೆ ಒಂದು ಮಾತು ಹೇಳಿದ.

"ನಮ್ ಸೊಸೆ ಅಂಗೆಲ್ಲ ಬೀದೀಲಿ ಗಂಡನ್ ಎಸ್ರು ಕೂಗೋಳಲ್ಲ ಕಣವ್ವ. ನಾನ್ ಯೋಳ್ತೀನಿ ತಗೋ, ಸ್ವರೂಪ."

ಈ ಹೊಗಳಿಕೆ ಬಿದ್ದ ಮೇಲೆ ದೀಪಿಕಳ ಬಾಯಿಗೆ ಬೀಗ ಜಡಿದಂತಾಯಿತು. ದೊಡ್ಡಸಿದ್ದಯ್ಯನ ಹೆಸರು ಶಾಲೆಯಲ್ಲಿ ಬರೆಸಿಲ್ಲ, ಬರೆಸಿದವರೇ ಹೇಳಬೇಕು ಎಂದು ಯಶೋದಮ್ಮ ಖಡಾಖಂಡಿತವಾಗಿ ನುಡಿದಳು. ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವಳು ಈಗ ಮಜ್ಜಿಗೆಯನ್ನೂ ಊದಿ ಕುಡಿಯುತ್ತಿದ್ದಳು. ದೀಪಿಕ ಫೋನಿನಲ್ಲಿ ಗಂಡನ ಫೋಟೊ ತೋರಿಸಿದಳು. ಅದು ನಡೆಯಲಿಲ್ಲ. ಗಂಡನಿಗೇ ಫೋನು ಹಚ್ಚಿ ಯಶೋದಮ್ಮನ ಕೈಗೆ ಕೊಟ್ಟಳು. ಮಂಡ್ಯದ ಗೊಬ್ಬರದ ಅಂಗಡಿಯಲ್ಲಿದ್ದ ಸ್ವರೂಪನಿಗೆ ಕೇಳಿಸಿದ್ದು, ನಿಮ್ಮ ಪೂರ್ತಿ ಹೆಸರು ಹೇಳಿ ಎನ್ನುವ ಅಪರಿಚಿತ ಹೆಂಗಸಿನ ದನಿ. ಬ್ಯಾಂಕಿನ ಹೆಸರಲ್ಲಿ ದುಡ್ಡು ಹೊಡೆಯುವವರ ಬಗ್ಗೆ ಹಿಂದಿನ ದಿನವಷ್ಟೇ ಓದಿದ್ದ ಅವನು, ಹೆಂಡತಿಯ ಫೋನು ಕಳ್ಳರ ಪಾಲಾಯಿತೆಂದು ತಿಳಿದು, ಎರಡು ಕೆಟ್ಟ ಮಾತು ಬೈದು, ನಂಬರನ್ನು ಬ್ಲಾಕ್ ಮಾಡಿದ.

ಎಲ್ಲರೂ ಅಧ್ಯಕ್ಷರ ಕಡೆ ನೋಡಿದರು. ಶಿವಯ್ಯ ಗಂಟಲು ಸರಿಮಾಡಿಕೊಂಡು, ಮೊದಲ ದಿನವೇ ಸಡಿಲ ಬಿಟ್ಟರೆ ರೂಲ್ಸಿಗೆ ಬೆಲೆ ಇರುವುದಿಲ್ಲ ಎಂದ. ದೀಪಿಕ ಅವನನ್ನು ಒಂದು ಸಲ ನೋಡಿ, ಮಗು ಇಳಿಯದಿದ್ದರೆ ನಾನೇ ಹತ್ತುತ್ತೇನೆಂದು ಹತ್ತಿ ಮಗಳ ಪಕ್ಕ ಕೂತಳು. ತಾಯಂದಿರು ಬಸ್ಸು ಹತ್ತಬಾರದೆಂದು ಯಾವ ರೂಲ್ಸಿನಲ್ಲೂ ಇರಲಿಲ್ಲ. ದೊಡ್ಡಸಿದ್ದಯ್ಯ ತನ್ನ ಟಿವಿಎಸ್ ಒದ್ದು ಸ್ಟಾರ್ಟ್ ಮಾಡಿ ಬಸ್ಸಿನ ಬೆನ್ನು ಹಿಡಿದ.

ಮುಂದಿನ ಸ್ಟಾಪುಗಳಲ್ಲಿ ಆದದ್ದನ್ನೆಲ್ಲ ಹೇಳಿದರೆ ಹೊತ್ತು ಸಾಲದು. ಒಬ್ಬಾಕೆ 'ಇವಳ ಅಪ್ಪ' ಎಂದಷ್ಟೇ ಹೇಳಿ ನಿಂತಳು. ಒಬ್ಬಾಕೆ ಮುಂಗೈ ಚಾಚಿ, ಹಚ್ಚೆಯಲ್ಲೇ ಇದೆ ಓದಿಕೊಳ್ಳಿ ಎಂದಳು. ಇನ್ನೊಬ್ಬಳು ಮದುವೆಯ ದಿನ ಹೊಸಲಿನ ಮೇಲೆ ನಿಲ್ಲಿಸಿ ಹೇಳಿಸಿದ್ದ ಪದವನ್ನು ನೆನೆಸಿಕೊಂಡು, ತಲೆ ತಗ್ಗಿಸಿ, ಬೆಳ್ಳಿ ಬಟ್ಟಲು ಮಲ್ಲಿಗೆ ಹೂವು ಎಂದು ಶುರುಮಾಡಿ, ಪ್ರಾಸದ ಕೊನೆಗೆ ಗಂಡನ ಹೆಸರನ್ನು ನುಂಗಿದಂತೆ ಹೇಳಿದಳು. ಆ ಮಗು ಒಂದೇ ಇಳಿಯಿತು. ಉಳಿದ ತಾಯಂದಿರು ತಮ್ಮ ಪದಗಳು ಮರೆತುಹೋಗಿದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಾ ಬಸ್ಸು ಹತ್ತಿದರು. ಒಬ್ಬಳ ಕೈಯಲ್ಲಿ ಹುಲ್ಲಿನ ಹೊರೆಯಿತ್ತು, ಅದೂ ಹತ್ತಿತು.

ಹಲಗೂರಿನಲ್ಲಿ ಸೋಮಮ್ಮ ಕಾದಿದ್ದಳು. ಶಿವಯ್ಯನಿಗೆ ಸ್ವಲ್ಪ ಜೀವ ಬಂತು. ಸೋಮಮ್ಮ ಅಜ್ಜಿ, ತೇಜುವಿನ ಅಪ್ಪನೆಂದರೆ ಅವಳ ಗಂಡನಲ್ಲ, ಹೆತ್ತ ಮಗ. ಹೆತ್ತ ಮಗನ ಹೆಸರು ಹೇಳಲು ಯಾವ ಸಂಕೋಚ. ಅದೂ ಅಲ್ಲದೆ ಈ ರೂಲ್ಸು ಹುಟ್ಟಿದ್ದೇ ಅವಳ ಮೊಮ್ಮಗನಿಂದ. ಯಶೋದಮ್ಮ ಕೇಳಿದಳು. ಸೋಮಮ್ಮ ತೇಜು ಎಂದಳು. ಅವನ ಅಪ್ಪನ ಹೆಸರಿಗೆ ಬಂದಾಗ ಸೆರಗು ಸರಿಮಾಡಿಕೊಂಡು, ನಮ್ಮ ದೊಡ್ಡೋನು ಎಂದಳು. ಹೆಸರು ಬೇಕೆಂದಾಗ ರೇಗಿದಳು. ಅವಳ ಮಗನ ಹೆಸರು ರಾಮಲಿಂಗಯ್ಯ. ಅದು ಅವಳ ಮಾವನ ಹೆಸರು. ಮಾವನ ಹೆಸರನ್ನು ಸೊಸೆ ಎತ್ತುವುದುಂಟೇ. ಮಗ ಹುಟ್ಟಿದಂದಿನಿಂದ ಅವಳು ಅವನನ್ನು ದೊಡ್ಡೋನು ಎಂದೇ ಕರೆದು, ಬೈದು, ಮದುವೆ ಮಾಡಿ ಮುಗಿಸಿದ್ದಳು.

"ಡೇರೀಲಿ ನಂಬ್ರು ಕೇಳ್ತೀಯಂತೆ, ಇಲ್ಲಿ ನಮ್ ಮಾವನ್ ಎಸ್ರು ಕೇಳ್ತೀಯ. ಆಲ್ಗಿಂತ ಕಡ್ಮೆ ಆಗೋದ್ವಾ ನಾವು?" ಎಂದು ಸೋಮಮ್ಮ ಮೆಟ್ಟಿಲು ಹತ್ತುತ್ತಲೇ ಕೇಳಿ, ಅಧ್ಯಕ್ಷರ ಸೀಟಿನಲ್ಲೇ ಕೂತಳು.

ಶಿವಯ್ಯ ಕಂಬಿ ಹಿಡಿದು ನಿಂತ. ಬಸ್ಸಿನೊಳಗೆ ಈಗ ಮಕ್ಕಳೆಷ್ಟೋ ತಾಯಂದಿರೂ ಅಷ್ಟೇ, ಹಿಂದೆ ದೊಡ್ಡಸಿದ್ದಯ್ಯನ ಟಿವಿಎಸ್, ಅದರ ಹಿಂದೆ ಏನೋ ಗಲಾಟೆಯೆಂದು ಬಂದ ಎರಡು ಬೈಕು. ಒಂದು ಮಗುವಿಗೆ ಹಸಿವು, ಇನ್ನೊಂದು ಮಗುವಿಗೆ ಒಂದಕ್ಕೆ ಹೋಗಬೇಕು. ಚಿಕ್ಕಮಾದು ಕನ್ನಡಿಯಲ್ಲಿ ಶಿವಯ್ಯನನ್ನು ನೋಡಿ ಗೇರು ಬದಲಾಯಿಸಿದ. ಇಳಿಸುವ ಹೊತ್ತಿನಲ್ಲಿ ಇಷ್ಟು ಜನರನ್ನು ಹತ್ತಿಸಿಕೊಂಡ ಬಸ್ಸನ್ನು ಅವನು ತನ್ನ ಕಾಲದಲ್ಲಿ ಕಂಡಿರಲಿಲ್ಲ. ಶಿವಯ್ಯನಿಗೆ ಉಳಿದಿದ್ದ ಧೈರ್ಯ ಒಂದೇ. ಕೊನೆಯ ಸ್ಟಾಪು ತನ್ನೂರು, ಅಲ್ಲಿ ಇಳಿಯುವುದು ತನ್ನ ಮಗನೊಬ್ಬ, ಕಾಯುವುದು ತನ್ನ ಅವ್ವ. ಬೆಟ್ಟಮ್ಮನಿಗೆ ಮಗನ ಹೆಸರು ಹೇಳುವುದಕ್ಕೆ ಅಡ್ಡಿಯಿಲ್ಲ. ಶಿವಯ್ಯ, ಶಿವಯ್ಯ ಎಂದು ಊರಿಗೆಲ್ಲ ಕೇಳುವಂತೆ ದಿನಾ ಕೂಗುತ್ತಾಳೆ. ಒಂದಾದರೂ ಮಗು ಸರಿಯಾಗಿ ಇಳಿದರೆ ರೂಲ್ಸಿನ ಮರ್ಯಾದೆ ಉಳಿಯುತ್ತದೆ, ಜೊತೆಗೆ ತನ್ನದೂ.

ಬೆಟ್ಟಮ್ಮ ಡೇರಿಯ ಜಗಲಿಯ ಮೇಲೆ ಬಾಳೆಹಣ್ಣು ಹಿಡಿದು ಕೂತಿದ್ದಳು. ಬಸ್ಸಿನ ತುಂಬ ಹೆಂಗಸರನ್ನು ಕಂಡು ಯಾರಾದರೂ ಸತ್ತರೋ ಎಂದು ಗಾಬರಿಯಿಂದ ಎದ್ದಳು. ಯಶೋದಮ್ಮ ಮಾಮೂಲಿನಂತೆ ಬಾಗಿಲಿಗೆ ಅಡ್ಡ ನಿಂತು, ಮಗುವಿನ ಅಪ್ಪನ ಹೆಸರು ಕೇಳಿದಳು. ಬೆಟ್ಟಮ್ಮ ಬಸ್ಸಿನಲ್ಲೇ ನಿಂತವನನ್ನು ತೋರಿಸಿ, ಶಿವಯ್ಯ ಅಂತ, ಅಗೋ ಅಲ್ಲೇ ನಿಂತವ್ನಲ್ಲ ಎಂದಳು. ಶಿವಯ್ಯ ಎಲ್ಲರ ಕಡೆ ತಿರುಗಿ, ನೋಡಿದಿರಾ ಎಂಬಂತೆ ಮುಗುಳ್ನಕ್ಕ.

"ಮಗೀನ ಎಸ್ರು ಯೋಳವ್ವ" ಎಂದಳು ಯಶೋದಮ್ಮ.

"ನಮ್ಮೈದ" ಎಂದಳು ಬೆಟ್ಟಮ್ಮ.

"ಐದ ಸರಿ. ಎಸ್ರು."

ಬೆಟ್ಟಮ್ಮ ಮಗನ ಮುಖ ನೋಡಿದಳು. ಶಿವಯ್ಯನ ಮುಗುಳ್ನಗು ಇಳಿದುಹೋಯಿತು. ಅವನ ಅಪ್ಪ ಚಲುವರಾಜು ತೀರಿಕೊಂಡ ವರ್ಷವೇ ಮಗ ಹುಟ್ಟಿದ್ದು, ಅಪ್ಪನೇ ಬಂದನೆಂದು ಅದೇ ಹೆಸರನ್ನು ಹಟ ಹಿಡಿದು ಇಟ್ಟವನು ಅವನೇ. ಅವ್ವ ಆ ಹೆಸರನ್ನು ಎತ್ತಿದ್ದನ್ನು ಅವನು ಕೇಳಿಯೇ ಇರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರು ಹೇಳುತ್ತಿದ್ದರು. ಪಿಂಚಣಿಯವರು ಕೇಳಿದಾಗ ಅವನೇ ಪಕ್ಕದಲ್ಲಿ ನಿಂತು ಹೇಳಿದ್ದ. ಮೊಮ್ಮಗನನ್ನು ಅವಳು ಹೈದ, ಮಗ, ಕೂಸು, ಕೋತಿ ಎಂದೆಲ್ಲ ಕರೆದಿದ್ದಳೇ ಹೊರತು ಹೆಸರು ಹಿಡಿದು ಕರೆದಿರಲಿಲ್ಲ. ಇದೆಲ್ಲ ಗೊತ್ತಿದ್ದೂ ಸಭೆಯಲ್ಲಿ ಅದು ಹೇಗೆ ಮರೆತುಹೋಯಿತೋ ಅವನಿಗೇ ತಿಳಿಯಲಿಲ್ಲ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಮಗನನ್ನು ತಾನೇ ಇಳಿಸಿಕೊಳ್ಳುತ್ತೇನೆಂದು ಕೈ ಹಿಡಿದು ಬಾಗಿಲಿಗೆ ಬಂದ. ಯಶೋದಮ್ಮ ಕದಲಲಿಲ್ಲ.

"ಬರ್ಸಿರದು ಅಜ್ಜಿ ಎಸ್ರು. ಒಂದ್ ಮಗೀಗೆ ಒಂದೇ ಕೈ ಅಂದೋರು ನೀವೇ ಅಲ್ವ್ರಾ ಅಣ್ಣ. ನಾನ್ ಬುಟ್ರೆ ನನ್ ಕೆಲ್ಸ ಓಯ್ತದೆ."

ಅದರಲ್ಲಿ ಕುಹಕವಿರಲಿಲ್ಲ, ಅವಳು ನಿಜವಾಗಿ ಹೆದರಿದ್ದಳು. ಒಳಗಿನಿಂದ ಸೋಮಮ್ಮ, ಬಿಡವ್ವ, ಅಧ್ಯಕ್ಷರ ಅವ್ವ ಅಂದರೆ ಬೇರೆ ರೂಲ್ಸು ಇರಬಹುದು ಎಂದಳು. ದೀಪಿಕ ಶಿವಯ್ಯನನ್ನೇ ನೋಡುತ್ತಿದ್ದಳು. ತನ್ನವರಿಗೆ ಬಿಟ್ಟುಕೊಟ್ಟರೆ ನಾಳೆ ಹಲಗೂರಿನಲ್ಲಿ ತಲೆ ಎತ್ತುವಂತಿಲ್ಲ, ಬಿಡದಿದ್ದರೆ ಮಗ ಮಳವಳ್ಳಿಗೆ ವಾಪಸ್. ಇಂಥ ಹೊತ್ತಿನಲ್ಲಿ ದೊಡ್ಡ ಮನುಷ್ಯರು ಏನು ಮಾಡುತ್ತಾರೋ ಅದನ್ನೇ ಶಿವಯ್ಯನೂ ಮಾಡಿದ. ಸಭೆ ಕರೆದು ತೀರ್ಮಾನಿಸೋಣ ಎಂದ.

ಚಿಕ್ಕಮಾದು ಸಭೆಗಳನ್ನು ನಂಬಿದವನಲ್ಲ. ಕತ್ತಲಾಗುವ ಮೊದಲು ಬಸ್ಸು ಶಾಲೆಗೆ ಸೇರಬೇಕು, ಇಳಿಸುವುದಿದ್ದರೆ ಇಳಿಸಿ, ಇಲ್ಲದಿದ್ದರೆ ಹೊರಟೆ ಎಂದು ಇಂಜಿನ್ ಚಾಲೂ ಮಾಡಿದ. ಯಶೋದಮ್ಮ ಬಾಗಿಲು ಹಾಕಿದಳು. ಇಷ್ಟು ಹೊತ್ತು ಓನರ್ರಿನ ಮಗನಾಗಿದ್ದ ಚಲುವರಾಜುವಿಗೆ ಆಗ ವಿಷಯ ಅರ್ಥವಾಯಿತು. ಕಿಟಕಿಗೆ ಮುಖ ಒತ್ತಿ, ಅಜ್ಜೀ ಎಂದು ಅಳತೊಡಗಿದ.

ಆ ಅಳು ಬೆಟ್ಟಮ್ಮನಿಗೆ ತಡೆಯಲಾಗಲಿಲ್ಲ. ಬಸ್ಸಿನ ಮುಂದೆ ಯಾರೂ ಅಡ್ಡ ಬರಬಾರದೆಂಬುದು ಸುರಕ್ಷತೆಯ ಮೊದಲ ಪಾಠ. ಆಕೆ ನೇರವಾಗಿ ಹೋಗಿ ಬಸ್ಸಿನ ಮುಂದೆಯೇ ನಿಂತು, ಬಾಳೆಹಣ್ಣು ಹಿಡಿದ ಕೈಯಲ್ಲೇ ಅದರ ಮೂತಿಯ ಮೇಲೆ ಗುದ್ದಿದಳು. ಚಿಕ್ಕಮಾದು ಬ್ರೇಕು ತುಳಿದು ಇಂಜಿನ್ ಆರಿಸಿದ. ಆ ಸದ್ದಿಲ್ಲದ ಹೊತ್ತಿನಲ್ಲಿ ಬೆಟ್ಟಮ್ಮನ ದನಿ ಊರಿಗೆಲ್ಲ ಕೇಳಿಸಿತು.

"ಚಲುವರಾಜ. ಇಳಿಯೋ ಕೆಳಕ್ಕೆ."

ಡೇರಿಯಲ್ಲಿ ಹಾಲು ಸುರಿಯುತ್ತಿದ್ದ ಮುದುಕನೊಬ್ಬ ಕ್ಯಾನನ್ನು ಅಲ್ಲೇ ಹಿಡಿದು ನಿಂತ. ಬೆಟ್ಟಮ್ಮ ತನ್ನ ಬಾಯಿಂದ ಬಿದ್ದ ಮಾತಿಗೆ ತಾನೇ ಬೆಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಎದುರಿಗೇ ಯಾರೋ ನಿಂತಿರುವಂತೆ, ಮೆಲ್ಲಗೆ ಹೇಳಿದಳು.

"ತೆಪ್ಪು ತಿಳ್ಕೋಬ್ಯಾಡಿ ಯಜಮಾನ್ರೇ. ಬಸ್ನೋರು ಕೇಳುದ್ರು."

ಯಶೋದಮ್ಮ ಕಣ್ಣೊರೆಸಿಕೊಂಡು ಬಾಗಿಲು ತೆರೆದಳು. ಮಗುವನ್ನು ತಾನೇ ಎತ್ತಿ ಇಳಿಸಿ ಬೆಟ್ಟಮ್ಮನ ಕೈಗೆ ಕೊಟ್ಟಳು. ಅಷ್ಟರಲ್ಲಿ ಬಸ್ಸಿನೊಳಗೆ ದೀಪಿಕ ಎದ್ದು ನಿಂತು, ಕಿಟಕಿಯಾಚೆ ಟಿವಿಎಸ್ ಮೇಲೆ ಕೂತಿದ್ದ ಮಾವನಿಗೂ ಕೇಳುವಂತೆ, ಗಗನಳ ಅಪ್ಪನ ಹೆಸರು ಸ್ವರೂಪ್ ಎಂದಳು. ದೊಡ್ಡಸಿದ್ದಯ್ಯ ಕೇಳಿಸದವನಂತೆ ಪಕ್ಕದ ಕಬ್ಬಿನ ಗದ್ದೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಸೋಮಮ್ಮ ಕಣ್ಣು ಮುಚ್ಚಿ, ಕೆನ್ನೆಗೆ ಬಡಿದುಕೊಂಡು, ರಾಮಲಿಂಗಯ್ಯ ಎಂದು ಒಂದೇ ಉಸಿರಿಗೆ ಹೇಳಿ, ನೀರು ಕೇಳಿದಳು. ಹುಲ್ಲಿನ ಹೊರೆಯವಳೂ ಹೇಳಿದಳು, ಹಚ್ಚೆಯವಳೂ ಹೇಳಿದಳು. ಬಸ್ಸು ಬಂದ ದಾರಿಯಲ್ಲೇ ಒಬ್ಬೊಬ್ಬರನ್ನೂ ಇಳಿಸಿಕೊಂಡು ಹೋಗಲು ತಿರುಗಿತು. ರೂಲ್ಸು ಗೆದ್ದಿತ್ತು, ಆದರೆ ಅಧ್ಯಕ್ಷರನ್ನು ಅಭಿನಂದಿಸಲು ಒಬ್ಬರೂ ನಿಲ್ಲಲಿಲ್ಲ.

ಶಿವಯ್ಯ ಮಗನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಅವ್ವನ ಹಿಂದೆ ನಡೆದ. ತಪ್ಪಾಯ್ತು ಕಣವ್ವ ಎಂದು ಹೇಳಬೇಕೆನ್ನಿಸಿ, ಹೇಳಿದ. ಬೆಟ್ಟಮ್ಮ ಸುಮ್ಮನಿರು ಎಂದಷ್ಟೇ ಅಂದಳು. ಮುಂದೆ ಚಲುವರಾಜು, ಗುದ್ದಿನಲ್ಲಿ ಜಜ್ಜಿಹೋಗಿದ್ದ ಬಾಳೆಹಣ್ಣನ್ನು ತಿನ್ನುತ್ತಾ, ಅಜ್ಜಿಯ ಕೈ ಹಿಡಿದು, ಏನೋ ಯೋಚಿಸುತ್ತಾ ಹೋಗುತ್ತಿದ್ದ. ಮನೆಯ ಹತ್ತಿರ ಬಂದಾಗ ನಿಂತು ತಲೆ ಎತ್ತಿದ.

"ಅಜ್ಜಿ, ನನ್ನೆಸ್ರು ನಿಂಗೆ ಗೊತ್ತಿತ್ತಾ?"

ಬೆಟ್ಟಮ್ಮ ಅವನ ಬಾಯಿಯನ್ನು ಸೆರಗಿನಿಂದ ಒರೆಸಿದಳು.

"ನೀನುಟ್ಟಕ್ ಮುಂಚಿಂದ್ಲೂ ಗೊತ್ತು ಕಣ್ಲಾ" ಎಂದಳು.